ನಾಯಿಮರಿಗಳ ಕಂಡಕ್ಟರ್

ಕಂಡಕ್ಟರ್ ಮಾದೇವಣ್ಣನವರ ತೊಡೆ ಹತ್ತಿ ಕೂರದ ಜೀವ ನಮ್ಮ ಬೀದಿಯಲ್ಲಿ ಒಂದೂ ಇರಲಿಲ್ಲ. ಬೆಕ್ಕು, ಮೇಕೆಮರಿ, ನಾಯಿಮರಿ, ಯಾರು ಎತ್ತಿಕೊಂಡರೂ ಕಿಟಾರನೆ ಕಿರುಚುವ ಕೂಸು, ಎಲ್ಲಕ್ಕೂ ಆ ತೊಡೆಯೇ ಆಗಬೇಕು. ಅವರೇನೂ ಪುಸಲಾಯಿಸಿ ಕರೆಯುತ್ತಿರಲಿಲ್ಲ. ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಲೆಯಡಿಕೆ ಜಗಿಯುತ್ತಾ, ಏನೂ ಬೇಡವಾದವರಂತೆ ನಮ್ಮ ಕೊಳ್ಳೇಗಾಲದ ಮರಡಿಗುಡ್ಡದ ಕಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತೊಡೆಯ ಮೇಲೆ ಏನೋ ಒಂದು ಮಲಗಿರುತ್ತಿತ್ತು. ಎದುರುಮನೆಯ ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನು ತುಳಿಯುತ್ತಾ ನಾನು ಇದನ್ನು ನೋಡುತ್ತಿದ್ದೆ, ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಮುಚ್ಚಿಟ್ಟು ಏನು ಪ್ರಯೋಜನ? ಆ ಮನುಷ್ಯನ ಮೇಲೆ ನನಗಿದ್ದಷ್ಟು ಹೊಟ್ಟೆಕಿಚ್ಚು ನನ್ನ ವಾರಗಿತ್ತಿಯ ಮೇಲೂ ಇರಲಿಲ್ಲ.

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ಕಡೆಗೆ ಓಡುತ್ತಿದ್ದ ಖಾಸಗಿ ಬಸ್ಸೊಂದರಲ್ಲಿ ಅರ್ಧ ಆಯಸ್ಸು ಕಳೆದವರು ಅವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮಾಲೀಕರು ಬಸ್ಸನ್ನು ಗುಜರಿಗೆ ಹಾಕಿದಾಗ ಇವರು ಅದರ ಇಬ್ಬರು ಕೂರುವ ಸೀಟೊಂದನ್ನು ಕಳಚಿಸಿ ತಂದು ಜಗಲಿಯ ಮೇಲೆ ಹಾಕಿಕೊಂಡರು. ತಾವು ಮಾತ್ರ ಅದರ ಮೇಲೆ ಕೂರುತ್ತಿರಲಿಲ್ಲ, ಪಕ್ಕದಲ್ಲಿ ನೆಲದ ಮೇಲೇ ಕೂರುತ್ತಿದ್ದರು. ಯಾಕಣ್ಣ ಎಂದು ಕೇಳಿದರೆ, "ಕಂಡಕ್ಟ್ರು ಓಗಿ ಸೀಟ್ನಲ್ಲಿ ಕೂತ್ಕಬುಟ್ರೆ ಪ್ಯಾಸೆಂಜರ್ ಎಲ್ಲವ್ವ ಕೂತ್ಕಳಾದು?" ಎನ್ನುತ್ತಿದ್ದರು. ಮೀಸೆಗೆ ಬಣ್ಣ ಹಚ್ಚುತ್ತಿದ್ದರು. ತಮ್ಮ ಬಗ್ಗೆ ಅವರಿಗೆ ಭಾರಿ ಅಭಿಪ್ರಾಯ. "ನಾನ್ ಇಲ್ದೆ ಓಗಿದ್ರೆ ಅನೂರ್ನೋರು ಇವತ್ಗೂ ಎತ್ತಿನ ಗಾಡೀಲೆ ಬತ್ತಿದ್ರು ಕಣವ್ವ" ಎಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಳ್ಳುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು, ಅವರು ಮನೆಯೊಳಗೆ ಕೆಮ್ಮಿದರೂ ನಮ್ಮನೆಯ ಪಾತ್ರೆಗಳು ಅಲುಗುತ್ತಿದ್ದವು.

ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಕೆಂಪಿಯಿಂದ. ಕೆಂಪಿ ನನ್ನ ನಾಯಿ. ಧನಗೆರೆಯ ನನ್ನ ತವರುಮನೆಯಿಂದ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ತಂದು, ಮುದ್ದೆ ಹಾಲು ಹಾಕಿ ಸಾಕಿದ್ದು ನಾನು. ಅದು ಬಸುರಾದಾಗ ಹಿತ್ತಲಲ್ಲಿ ಗೋಣಿಚೀಲ ಹಾಸಿ, ಹಳೆಯ ಲಂಗದ ಬಟ್ಟೆ ಹರಡಿ ಜಾಗ ಮಾಡಿಟ್ಟೆ. ಒಂದು ಬೆಳಗ್ಗೆ ನೋಡುತ್ತೇನೆ, ಕೆಂಪಿ ಇಲ್ಲ. ಎದುರು ಜಗಲಿಯಲ್ಲಿ, ಬಸ್ ಸೀಟಿನ ಕೆಳಗೆ, ನಾಲ್ಕು ಮರಿ ಹಾಕಿಕೊಂಡು ಮಲಗಿದೆ. ನೀರು ಹಿಡಿಯಲು ಬಂದ ಹೆಂಗಸರಿಗೆಲ್ಲ ಹಬ್ಬ. "ಏನ್ ಮಣಿ, ಮಗ್ಳು ಎರ್ಗೆಗೆ ಅಲ್ಲಿಗೆ ಓದ್ಲಾ?" ಎಂದು ಒಬ್ಬಳು ಕಿಚಾಯಿಸಿದಳು. ನನಗೆ ಮೈಯೆಲ್ಲ ಉರಿಯಿತು. ಬುಟ್ಟಿ ತೆಗೆದುಕೊಂಡು ಹೋಗಿ ನಾಲ್ಕೂ ಮರಿಗಳನ್ನು ತುಂಬಿಕೊಂಡು ಹಿತ್ತಲಿಗೆ ತಂದೆ. ಕೆಂಪಿ ಏನೂ ಗಲಾಟೆ ಮಾಡಲಿಲ್ಲ, ನನ್ನ ಹಿಂದೆಯೇ ಬಂತು. ನಾನು ಒಲೆಯ ಮೇಲಿನ ಸಾರು ಇಳಿಸಿ ಬರುವಷ್ಟರಲ್ಲಿ ಒಂದೊಂದಾಗಿ ಕತ್ತು ಕಚ್ಚಿ ಹಿಡಿದು, ಬೀದಿ ದಾಟಿಸಿ, ಎಲ್ಲವನ್ನೂ ವಾಪಸ್ ಸೀಟಿನ ಕೆಳಗೆ ಸೇರಿಸಿತ್ತು. ಮಾದೇವಣ್ಣ ಜಗಲಿಯಲ್ಲಿ ಕೂತೇ ನಕ್ಕರು. "ರಿಸರ್ವೇಸನ್ ಮಾಡ್ಕಂಡದೆ ಕಣವ್ವ, ನಾನೇನ್ ಮಾಡ್ಲಿ."

ನಮ್ಮ ಕಡೆ ಬಾಣಂತಿ ಇರುವ ಮನೆಗೆ ಹೊರಗಿನಿಂದ ಬಂದವರು ಸೀದಾ ಕೂಸಿನ ಹತ್ತಿರ ಹೋಗುವಂತಿಲ್ಲ. ಕೈಕಾಲು ತೊಳೆದು, ಜಗಲಿಯಲ್ಲಿ ಸ್ವಲ್ಪ ಕೂತು, ಬಂದ ದಾರಿಯ ಬಿಸಿಲನ್ನೆಲ್ಲ ಇಳಿಸಿಕೊಂಡೇ ಒಳಗೆ ಕಾಲಿಡಬೇಕು. ಮಾದೇವಣ್ಣ ಈ ಪದ್ಧತಿಯನ್ನು ಕೆಂಪಿಗೂ ತಂದರು. ಮರಿಗಳು ಕಣ್ಣು ಬಿಟ್ಟು ಓಲಾಡುತ್ತಾ ನಡೆಯುವವರೆಗೂ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ಬಿಟ್ಟರು, ಆದರೆ ಅವರದೇ ಕಾಯಿದೆಯ ಮೇಲೆ. ನನ್ನ ಹತ್ತಿರ ರವಿಕೆ ಹೊಲಿಸಲು ಹನೂರಿನಿಂದ, ಯಳಂದೂರಿನಿಂದ ಹೆಂಗಸರು ಬರುತ್ತಿದ್ದರು. ಅಳತೆ ಕೊಡುವ ಹೊತ್ತಿನಲ್ಲಿ ಅವರ ಮಕ್ಕಳು ಸುಮ್ಮನಿರುತ್ತವೆಯೇ? ಎದುರು ಜಗಲಿಗೆ ಓಡುತ್ತಿದ್ದವು. ಆ ಮಕ್ಕಳ ಮುಖ ಮರಿಗಳು ಕಂಡಿಲ್ಲ, ಮರಿಗಳ ಗುಣ ಮಕ್ಕಳಿಗೆ ಗೊತ್ತಿಲ್ಲ. ಮಾದೇವಣ್ಣ ಮೆಟ್ಟಿಲ ಹತ್ತಿರವೇ ತಡೆಯುತ್ತಿದ್ದರು. ಮೊದಲು ಕೈ ತೊಳೆಯಬೇಕು. ಆಮೇಲೆ ಮೆಟ್ಟಿಲ ಮೇಲೆ ಕೂರಬೇಕು, ಕಿರುಚಾಟ ನಿಲ್ಲುವವರೆಗೂ. "ಬಸ್ ಇನ್ನೂ ಬಂದಿಲ್ಲ, ಕೂತ್ಕಳಿ" ಎನ್ನುತ್ತಿದ್ದರು. ಒಂದು ಸಲಕ್ಕೆ ಇಬ್ಬರಿಗೆ ಮಾತ್ರ ಜಗಲಿಗೆ ಪ್ರವೇಶ. ಅದಕ್ಕೂ ಮುಂಚೆ ಕೆಂಪಿಯ ಕಡೆ ನೋಡುತ್ತಿದ್ದರು. ಅದು ಮಲಗಿದ್ದಂತೆಯೇ ಬಾಲ ಆಡಿಸಿದರೆ ಸರಿ, ಎದ್ದು ನಿಂತರೆ, "ಓನರ್ ಒಪ್ತಿಲ್ಲ, ಟ್ರಿಪ್ ಕ್ಯಾನ್ಸಲ್" ಎಂದು ಮಕ್ಕಳನ್ನು ವಾಪಸ್ ಕಳಿಸುತ್ತಿದ್ದರು. ಅಳಲಿ, ಕಾಲು ಬಡಿಯಲಿ, ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಹನೂರಿನಿಂದ ತಂಗಿಯ ಮದುವೆಯ ರವಿಕೆಗಳನ್ನು ಹೊಲಿಸಲು ಒಬ್ಬಾಕೆ ಬಂದಿದ್ದಳು, ಜೊತೆಗೆ ಬಾಲವಿಲ್ಲದ ಕೋತಿಯಂಥ ಮಗ. ಮಾದೇವಣ್ಣ ನೀರು ತರಲು ಒಳಗೆ ಹೋದದ್ದೇ ತಡ, ಅವನು ಒಂದು ಮರಿಯನ್ನು ಕಾಲು ಹಿಡಿದು ಎಳೆದುಕೊಂಡು, ಎದೆಗೆ ಅವಚಿ ಬೀದಿಗೆ ಓಡಿದ. ಮರಿ ಕುಂಯ್ ಎಂದಿತು. ಕೆಂಪಿ ಹಲ್ಲು ಕಿರಿದು ಹೊರಗೆ ಹಾರಿತು. ನಾನು ಕಿಟಕಿಯಿಂದಲೇ, "ಬಿಡೋ, ಬಿಡೋ ಅದನ್ನ!" ಎಂದು ಕಿರುಚಿದೆ. ಹುಡುಗ ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಅವನ ತಾಯಿ ಅಳತೆಯ ಟೇಪು ಕುತ್ತಿಗೆಯಲ್ಲಿರುವಂತೆಯೇ ಬಾಗಿಲಿಗೆ ಓಡಿದಳು. ಇನ್ನೊಂದು ಕ್ಷಣಕ್ಕೆ ಕೆಂಪಿ ಅವನ ಮೀನಖಂಡಕ್ಕೆ ಬಾಯಿ ಹಾಕುತ್ತಿತ್ತು.

ಆಗ ಮಾದೇವಣ್ಣ ಹೊರಗೆ ಬಂದರು. ಆ ಗಂಟಲು ತೆಗೆದರೆ ಬೀದಿಯೇ ಅದುರುತ್ತಿತ್ತು. ಆದರೆ ಅವರು ಮೆಲ್ಲಗೆ, ಪಕ್ಕದವರಿಗೆ ಮಾತ್ರ ಕೇಳುವ ಹಾಗೆ, ಬಸ್ಸು ನಿಲ್ಲಿಸಲು ಡ್ರೈವರಿಗೆ ಹೇಳುವಂತೆ, "ಓಲ್ಡಾನ್" ಎಂದರು. ಹಾಗೆಂದವರೇ ಬೀದಿಯ ನಡುವೆ, ಮಣ್ಣಿನಲ್ಲಿ, ಪಂಚೆ ಸಮೇತ ಕೂತುಬಿಟ್ಟರು. ಹುಡುಗ ಬೆಪ್ಪಾಗಿ ನಿಂತ.

"ಕೂತ್ಕಳಪ್ಪ ಸ್ವಾಮಿ, ಇಲ್ಲೇ ಕೂತ್ಕ. ಆ ಮರೀಗೆ ನಿಂತ್ಕಂಡು ಪ್ರಯಾಣ ಮಾಡಿ ರೂಡಿ ಇಲ್ಲ."

ಹುಡುಗ ಕೂತ. ಕೂರುವಾಗ ಅವನ ಕೈ ಸಡಿಲವಾಯಿತು, ಮರಿ ಜಾರಿ ನೆಲಕ್ಕೆ ಬಂತು. ಕೆಂಪಿ ಅದರ ಕತ್ತು ಹಿಡಿದು ಎತ್ತಿಕೊಂಡು, ಅವನನ್ನು ಒಂದು ಸಲ ಮೂಸಿ, ಹೊರಟುಹೋಯಿತು. ಅಷ್ಟಾದರೂ ಅವರು ಆ ಹುಡುಗನಿಗೆ ಬೈಯಲಿಲ್ಲ. ಕೈ ತೊಳೆಸಿ, ಜಗಲಿಗೆ ಕರೆದುಕೊಂಡು ಹೋಗಿ, ನೆಲದ ಮೇಲೆ ಕೂರಿಸಿ ಹೇಳಿದ್ದು ನನ್ನ ಕಿಟಕಿಗೂ ಕೇಳಿಸಿತು.

"ನೋಡ್ಲಾ, ಮರಿ ಪ್ಯಾಸೆಂಜರ್, ನೀನು ಸೀಟು. ಸೀಟು ಓಗಿ ಪ್ಯಾಸೆಂಜರ್ನ ಇಡ್ಕತದಾ? ಸುಮ್ನೆ ಇರ್ತದೆ. ಅದ್ಕೆ ಬೇಕಾದ್ರೆ ತಾನೇ ಅತ್ಕತದೆ. ಮುಖ ಆ ಕಡೆ ತಿರುಗುಸ್ತು, ಆಕಳಿಸ್ತು ಅಂದ್ರೆ ಅದರ ಸ್ಟಾಪು ಬಂತು ಅಂತ. ಇಳ್ಸ್‌ಬುಡು. ಸ್ಟಾಪ್ ಬಂದ್ಮೇಲೂ ಇಳ್ಸ್‌ದೆ ಓದ್ರೆ ಯಾವನಾದ್ರೂ ಸುಮ್ಕಿರ್ತಾನಾ? ಕಚ್ತದೆ."

ಹುಡುಗ ಕಾಲು ಮಡಿಸಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಉಸಿರು ಬಿಗಿಹಿಡಿದು ಕೂತ. ಎಷ್ಟೋ ಹೊತ್ತಾದ ಮೇಲೆ ಅದೇ ಮರಿ ಬಂದು ಅವನ ತೊಡೆಯ ಮೇಲೆ ಮುಂಗಾಲು ಇಟ್ಟಿತು. ಅವನ ಮುಖ ನೋಡಬೇಕಿತ್ತು! ಅವನ ತಾಯಿ ಕಣ್ಣೊರೆಸಿಕೊಂಡಳು, ಮಾದೇವಣ್ಣನವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮುಂದಿನ ವಾರ ನಾನು ಕಣ್ಣು ಕಿತ್ತುಬರುವ ಹಾಗೆ ಕೈಕೆಲಸ ಮಾಡಿದ ರವಿಕೆಗಳನ್ನು ಕೊಟ್ಟರೆ ಹಾಗೇ ಮಡಿಸಿ ಚೀಲಕ್ಕೆ ಹಾಕಿಕೊಂಡು, "ಆ ಯಜಮಾನ್ರು ಮನೇಲಿ ಇದಾರಾ?" ಎಂದು ಕೇಳಿದಳು. ನಾಯಿ ನನ್ನದು, ಗಿರಾಕಿ ನನ್ನವಳು, ಹೊಗಳಿಕೆ ಅವರಿಗೆ.

ಅವರ ಮಾತೂ ಒಮ್ಮೊಮ್ಮೆ ಸುಳ್ಳಾಗುತ್ತಿತ್ತು ಎಂಬುದೊಂದೇ ನನಗಿದ್ದ ಸಮಾಧಾನ. ನಾಲ್ಕರಲ್ಲಿ ಕರಿಯ ಮರಿಗೆ ಅವರು ಚೆಲುವಿ ಎಂದು ಹೆಸರಿಟ್ಟಿದ್ದರು. "ಎಣ್ಣು ಕಣವ್ವ, ನಡಿಗೆ ನೋಡಿದ್ರೇ ಗೊತ್ತಾಯ್ತದೆ" ಎಂದು ಬೀದಿಗೆಲ್ಲ ಸಾರಿದ್ದರು. ಚುಚ್ಚುಮದ್ದಿಗೆಂದು ನಾವಿಬ್ಬರೂ ಪಶು ಆಸ್ಪತ್ರೆಗೆ ಒಯ್ದಾಗ ಅಲ್ಲಿದ್ದವರು ಎತ್ತಿ ನೋಡಿ, "ಇದು ಗಂಡು" ಎಂದು ನಕ್ಕರು. ಅವತ್ತು ನಾನು ಮನೆಯವರೆಗೂ ನಗುತ್ತಲೇ ಬಂದೆ. ಮಾದೇವಣ್ಣ ಒಂಚೂರೂ ಕುಗ್ಗಲಿಲ್ಲ. "ನಮ್ ಬಸ್ನಲ್ಲಿ ಗಂಡ್ಗೂ ಎಣ್ಗೂ ಒಂದೇ ಟಿಕೀಟು" ಎಂದು ಹೇಳಿ, ಚೆಲುವಿ ಎಂದೇ ಕರೆದರು. ಅದೂ ಆ ಹೆಸರಿಗೇ ಓಡಿಬರುತ್ತಿತ್ತು.

ಇದೆಲ್ಲ ಸಣ್ಣ ಉರಿ. ದೊಡ್ಡದು ನನ್ನ ಮಗಳು ಪೂರ್ವಿಯದು.

ಪೂರ್ವಿಗೆ ಆಗ ಆರು ವರ್ಷ. ಒಮ್ಮೆ ಮಟನ್ ಅಂಗಡಿಯ ಹತ್ತಿರ ಬೀದಿನಾಯಿಗಳು ಅಟ್ಟಿಸಿಕೊಂಡು ಬಂದಾಗಿನಿಂದ ಅವಳಿಗೆ ನಾಯಿ ಎಂದರೆ ಜೀವ ಹೋಗುತ್ತಿತ್ತು. ಕೆಂಪಿಯನ್ನು ಕೂಡ ಮನೆಯೊಳಗೆ ಬಿಡಗೊಡುತ್ತಿರಲಿಲ್ಲ. ಹೊರಗೆ ಹೊರಟರೆ ನನ್ನ ಸೊಂಟ ಏರುತ್ತಿದ್ದಳು. ಅಷ್ಟು ದೊಡ್ಡ ಹುಡುಗಿಯನ್ನು ಹೊತ್ತು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ನನ್ನ ನಡು ಬಿದ್ದುಹೋಗುತ್ತಿತ್ತು. ಮಾದೇಶ್ವರನಿಗೆ ಹರಕೆ ಹೊತ್ತೆ, ಯಳಂದೂರಿಗೆ ಹೋಗಿ ತಾಯತ ಕಟ್ಟಿಸಿಕೊಂಡು ಬಂದೆ. ಏನೂ ಆಗಲಿಲ್ಲ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಅವಳು ನನ್ನ ಕುತ್ತಿಗೆಗೆ ಎರಡೂ ಕೈ ಹಾಕಿ, ಕೆನ್ನೆಗೆ ಕೆನ್ನೆ ಒತ್ತಿ ಹಿಡಿದುಕೊಳ್ಳುತ್ತಿದ್ದಳಲ್ಲ, ಅದು ನನಗೆ ಬಹಳ ಇಷ್ಟವಾಗುತ್ತಿತ್ತು.

ಮಾದೇವಣ್ಣ ಅವಳನ್ನು ಒಂದು ದಿನವೂ ಮರಿ ಮುಟ್ಟು ಎನ್ನಲಿಲ್ಲ. "ಏನವ್ವ ಪೂರ್ವಿ, ನಂಗೊಬ್ರು ಚೆಕ್ಕಿಂಗ್ ಇನ್ಸ್‌ಪೆಕ್ಟ್ರು ಬೇಕಾಗವ್ರೆ" ಎಂದು ಕರೆದುಕೊಂಡು ಹೋಗಿ ಬಸ್ ಸೀಟಿನ ಮೇಲೆ, ಕಾಲು ಮೇಲಿಟ್ಟು ಕೂರಿಸಿದರು. ಕೆಳಗೆ ಮರಿಗಳು, ಮೇಲೆ ಇವಳು. ಬಂದ ಮಕ್ಕಳ ಅಂಗೈ ಮೂಸಿ ನೋಡಿ ಸೋಪಿನ ವಾಸನೆ ಇದೆಯೋ ಇಲ್ಲವೋ ಹೇಳುವುದು ಅವಳ ಕೆಲಸ. ಮರಿ ಆಕಳಿಸಿದರೆ "ಸ್ಟಾಪ್!" ಎನ್ನುವುದೂ ಅವಳದೇ. ಅಳತೆ ಕೊಡಲು ಬಂದವರ ಮಕ್ಕಳೆಲ್ಲ ಇವಳ ಅಪ್ಪಣೆಗೆ ಕಾಯುತ್ತಿದ್ದವು. ಶಾಲೆಯಿಂದ ಬಂದವಳು ಚೀಲ ಎಸೆದು ಅಲ್ಲಿಗೇ ಓಡುತ್ತಿದ್ದಳು. "ತಾತ ಹಂಗಂದ್ರು, ತಾತ ಹಿಂಗಂದ್ರು" ಎಂದು ಊಟದ ತಟ್ಟೆಯ ಮುಂದೆಯೂ ಅದೇ ಪಾಠ. ನಾನು ಪುರಿ ಮಾಡಿದೆ, ಪಾಯಸ ಮಾಡಿದೆ. ತಿಂದು ಮತ್ತೆ ಅಲ್ಲಿಗೇ ಹೋದಳು.

ಒಂದು ಮಧ್ಯಾಹ್ನ ಕಿಟಕಿಯಿಂದ ನೋಡುತ್ತಿದ್ದೆ. ಸೀಟಿನ ಮೇಲಿಂದ ಅವಳ ಒಂದು ಕಾಲು ಕೆಳಗೆ ಇಳಿದಿತ್ತು. ಚೆಲುವಿ ಬಂದು ಹೆಬ್ಬೆರಳು ನೆಕ್ಕಿತು. ಅವಳು ಕಾಲು ಎಳೆದುಕೊಂಡಳು, ಮತ್ತೆ ಇಳಿಸಿದಳು. ಆಮೇಲೆ ಇನ್ನೊಂದು ಕಾಲು. ಆಮೇಲೆ ತಾನೇ ಇಳಿದು ನೆಲದ ಮೇಲೆ ಕೂತಳು. ಚೆಲುವಿ ಅವಳ ತೊಡೆ ಹತ್ತಿತು. ಅವಳು ನಕ್ಕ ನಗು ಬೀದಿ ದಾಟಿ ನನ್ನ ಕಿವಿಗೆ ಬಿತ್ತು. ಯಾರ ತಾಯಿಯಾದರೂ ಸಂತೋಷಪಡಬೇಕಾದ ಹೊತ್ತು. ನನಗೂ ಸಂತೋಷವಾಯಿತು, ಇಲ್ಲ ಎನ್ನುವುದಿಲ್ಲ. ಆದರೆ ಆ ನಗುವಿನಲ್ಲಿ ಅವಳು ತಿರುಗಿ ನೋಡಿದ್ದು ಮಾದೇವಣ್ಣನವರ ಮುಖವನ್ನು, ನನ್ನ ಕಿಟಕಿಯನ್ನಲ್ಲ. ಅವತ್ತು ನಾನು ರವಿಕೆಯ ಎಡತೋಳನ್ನು ಬಲಗಡೆಗೆ ಹೊಲಿದು, ಬಿಚ್ಚಿ, ಮತ್ತೆ ಅದೇ ತಪ್ಪು ಹೊಲಿದೆ.

ಮಾರನೆಯ ಬೆಳಗ್ಗೆ ಶಾಲೆಗೆ ಹೊರಟಾಗ ಅಭ್ಯಾಸದಂತೆ ಬಗ್ಗಿ ಕೈ ಚಾಚಿದೆ. "ಬೇಡಮ್ಮ, ನಾನೇ ನಡೀತೀನಿ" ಎಂದು ಮುಂದೆ ಮುಂದೆ ಹೋದಳು. ಮಟನ್ ಅಂಗಡಿಯ ಮುಂದೆ ನಾಯಿಗಳು ಮಲಗಿದ್ದವು. ಅವಳು ನಿಧಾನವಾಗಿ, ಅವುಗಳ ಕಡೆ ನೇರವಾಗಿ ನೋಡದೆ, ದೂರದಿಂದ ಸುತ್ತಿಕೊಂಡು ದಾಟಿದಳು. ಅದನ್ನು ಕಲಿಸಿದ್ದು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ನನ್ನ ನಡುನೋವು ಹೋಯಿತು. ಆ ನೋವೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಮೂರು ಮರಿಗಳು ಹನೂರಿಗೆ, ಯಳಂದೂರಿಗೆ, ನಮ್ಮ ಧನಗೆರೆಗೆ ಹೋದವು. ಹನೂರಿನದು ಆ ಕೋತಿಹುಡುಗನ ಮನೆಗೇ. ಉಳಿದದ್ದು ಚೆಲುವಿ. ಅಷ್ಟರಲ್ಲಿ ಕೌದಳ್ಳಿಯಿಂದ ಸುದ್ದಿ ಬಂತು. ಮಾದೇವಣ್ಣನವರ ತಂಗಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು, ಅವರ ಚಿಲ್ಲರೆ ಅಂಗಡಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಮಾದೇವಣ್ಣ ಮನೆಗೆ ಬೀಗ ಹಾಕಿ ಅಲ್ಲಿಗೇ ಹೋಗಿಬಿಡುವುದೆಂದು ತೀರ್ಮಾನವಾಯಿತು. ಹೊರಡುವ ಹಿಂದಿನ ದಿನ ನಮ್ಮ ಬಾಗಿಲಿಗೆ ಬಂದರು. ಮೊದಲ ಸಲ ಆ ಗಂಟಲು ತಡವರಿಸಿತು.

"ಮಣಿಯವ್ವ, ಒಂದ್ ಮಾತು ಕೇಳ್ಬೇಕು ಅಂತ ಬಂದೆ. ಚೆಲುವೀನ ಕೊಟ್ಟೀಯಾ? ಅಲ್ಲಿ ನಂಗೆ ಯಾರೂ ಗುರ್ತಿಲ್ಲ."

ನನ್ನ ಎದೆಯೊಳಗೆ ಏನೋ ಕುಣಿಯಿತು. ಕೊನೆಗೂ ಆ ಮನುಷ್ಯನಿಗೆ ಬೇಕಾದದ್ದು ಒಂದು ನನ್ನ ಕೈಯಲ್ಲಿತ್ತು! ನಾನೇ ಇಲ್ಲ ಎಂದರೆ ಕೆಟ್ಟವಳಾಗುತ್ತೇನೆ ಎಂದು, "ಪೂರ್ವೀನೇ ಕೇಳಿ ಅಣ್ಣ" ಎಂದೆ. ಮರಿ ಅವಳ ಪ್ರಾಣ, ಖಂಡಿತ ಕೊಡುವುದಿಲ್ಲ ಎಂಬ ಧೈರ್ಯ. ಪೂರ್ವಿ ಸ್ವಲ್ಪ ಯೋಚಿಸಿ ಹೇಳಿದಳು. "ಚೆಲುವೀನೇ ಕೇಳೋಣ ತಾತ. ನಾವೆಲ್ಲ ಸೀಟಾಗೋಣ."

ನಮ್ಮ ನಡುಮನೆಯಲ್ಲಿ ಮೂವರೂ ನೆಲದ ಮೇಲೆ ಕೂತೆವು. ಒಂದು ಗೋಡೆಗೆ ಮಾದೇವಣ್ಣ, ಒಂದಕ್ಕೆ ಪೂರ್ವಿ, ಇನ್ನೊಂದಕ್ಕೆ ನಾನು. ನಾನು ಕೂತದ್ದು ಲೆಕ್ಕಕ್ಕೆ ಅಷ್ಟೆ, ಆ ಮರಿ ನನ್ನ ಹತ್ತಿರ ಯಾವತ್ತೂ ಬಂದದ್ದಿಲ್ಲ. ಯಾರೂ ಕರೆಯುವಂತಿಲ್ಲ, ಕೈ ಆಡಿಸುವಂತಿಲ್ಲ. ಚೆಲುವಿ ನಡುವೆ ನಿಂತು ಬಾಲ ಆಡಿಸಿತು. ಪೂರ್ವಿಯ ಮೊಣಕಾಲು ಮೂಸಿತು. ಮಾದೇವಣ್ಣನವರ ಪಂಚೆಯ ಅಂಚು ಕಚ್ಚಿ ಎಳೆಯಿತು. ಅವರ ಕಣ್ಣು ಆಗಲೇ ತುಂಬಿತ್ತು. ಆಮೇಲೆ ಅದಕ್ಕೆ ಏನನ್ನಿಸಿತೋ, ತಿರುಗಿ ಓಲಾಡುತ್ತಾ ಬಂದು ನನ್ನ ತೊಡೆ ಹತ್ತಿ, ಎರಡು ಸುತ್ತು ಸುತ್ತಿ, ಮೂತಿ ನನ್ನ ಮಣಿಕಟ್ಟಿನ ಮೇಲಿಟ್ಟು ಮಲಗಿಬಿಟ್ಟಿತು.

ನಾನು ಉಸಿರಾಡಲಿಲ್ಲ. ಆ ಬೆಚ್ಚಗಿನ ಪುಟ್ಟ ಹೊಟ್ಟೆ ಏರಿ ಇಳಿಯುವುದು ಸೀರೆಯ ಮೂಲಕ ಗೊತ್ತಾಗುತ್ತಿತ್ತು. ಗೆದ್ದೆ ಎಂದುಕೊಂಡು ತಲೆ ಎತ್ತಿದೆ. ಮಾದೇವಣ್ಣ ನನ್ನ ತೊಡೆಯನ್ನೇ ನೋಡುತ್ತಿದ್ದರು. ಆ ನೋಟ ನನಗೆ ಹೊಸದಲ್ಲ. ಕಿಟಕಿಯ ಪಕ್ಕ ಕೂತು ಇಷ್ಟು ದಿನ ನಾನು ನೋಡಿದ್ದು ಅದೇ ಕಣ್ಣಿನಿಂದ.

"ಇದೊಂದ್ ಆದ್ರೂ ನಂಗೆ ಸಿಕ್ತದೆ ಅಂತಿದ್ದೆ ಕಣವ್ವ," ಎಂದರು. ನಗಲು ನೋಡಿದರು, ಆಗಲಿಲ್ಲ. "ಒಟ್ಟೆ ಉರೀತದೆ. ಇವತ್ತಿಂದಲ್ಲ. ದಿನಾ ಸಂಜೆ ನೀನು ಬಾಗ್ಲಲ್ಲಿ ನಿಂತ್ಕಂಡು 'ಪೂರ್ವೀ' ಅಂತ ಒಂದ್ಸಲ ಕೂಗ್ತಿದ್ದೆ. ಅಷ್ಟ್ ಒತ್ತೂ ನನ್ ತಾವ ಆಡ್ಕಂಡಿದ್ದ ಕೂಸು ಅರ್ಧ ಮಾತ್ನಲ್ಲೇ ಬುಟ್ಬುಟ್ಟು ಓಡ್ಬುಡ್ತಿತ್ತು. ನಾನ್ ಎಷ್ಟ್ ಕರ್ದ್ರೂ ಆಮೇಲೆ ನಿಲ್ತಿರಲಿಲ್ಲ. ಒಳಕ್ಕೋಗಿ ದೀಪ ಅಚ್ತಿದ್ದೆ. ಅದ್ಯಾಕ್ ಅಷ್ಟ್ ಬೇಗ ಕರೀತಾಳೋ ಇವ್ಳು ಅಂತ ನಿನ್ ಮೇಲೆ ಎಂಥಾ ಕ್ವಾಪ ಬತ್ತಿತ್ತು ಗೊತ್ತಾ?"

ಅಡುಗೆ ಆಯಿತೆಂದು ಕರೆಯುತ್ತಿದ್ದೆ, ಅಷ್ಟೇ. ಅವಳು ಓಡಿ ಬರುತ್ತಿದ್ದಳು ಎಂಬುದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. "ತಗೊಂಡು ಹೋಗಿ ಅಣ್ಣ, ನಿದ್ದೆಯಲ್ಲಿದೆ, ಎತ್ತಿಕೊಳ್ಳಿ" ಎಂದೆ. ನಿಜವಾಗಿಯೂ ಕೊಡಲು ಮನಸ್ಸು ಬಂದಿತ್ತು. ಅವರು ಎದ್ದು ಪಂಚೆ ಕೊಡವಿಕೊಂಡರು. "ಅದು ಕೂತಾಯ್ತಲ್ಲ ಬುಡವ್ವ. ಎಬ್ಬುಸ್ಬ್ಯಾಡ" ಎಂದು ಹೊರಟರು. ಪೂರ್ವಿ ಅವರ ಕೈ ಹಿಡಿದುಕೊಂಡು ಬೀದಿ ದಾಟಿಸಿ ಬಂದಳು.

ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ನಾವೂ ಹೋಗಿದ್ದೆವು. ಕೌದಳ್ಳಿಯ ಬಸ್ಸು ಹತ್ತಿದ ಮಾದೇವಣ್ಣ ಒಳಗೆ ಹೋಗದೆ ಅಭ್ಯಾಸಬಲದಿಂದ ಬಾಗಿಲಲ್ಲೇ ನಿಂತರು. ಹುಡುಗುವಯಸ್ಸಿನ ಕಂಡಕ್ಟರ್ ಬಂದು, "ಒಳೀಕೆ ನಡೀರಿ ಯಜಮಾನ್ರೆ, ಸೀಟದೆ" ಎಂದ. ಕಿಟಕಿಯ ಪಕ್ಕ ಕೂತವರಿಗೆ ಕೈ ಎಲ್ಲಿಡಬೇಕೋ ಗೊತ್ತಾಗಲಿಲ್ಲ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು. ಬಸ್ಸು ತಿರುಗುವವರೆಗೂ ಪೂರ್ವಿ ಕೈ ಬೀಸಿದಳು. ನಾನೂ ಬೀಸಿದೆ.

ಅವರು ಮತ್ತೆ ಬರಲಿಲ್ಲ. ವರ್ಷ ತುಂಬುವ ಮುಂಚೆ ಕೌದಳ್ಳಿಯಲ್ಲಿ ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆವು. ಪೂರ್ವಿ ಅತ್ತಳು, ನನಗಿಂತ ಕಡಿಮೆ ಅತ್ತಳು ಎಂದರೆ ಯಾರೂ ನಂಬುವುದಿಲ್ಲ.

ಮೊನ್ನೆ ಸಂಜೆ ಅವಳು ಬೀದಿಯ ಕೊನೆಯಲ್ಲಿ ಗೆಳತಿಯರ ಜೊತೆ ಆಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು "ಪೂರ್ವೀ" ಎಂದು ಕೂಗಿದೆ. ಅಷ್ಟು ಗಟ್ಟಿಯಾಗಿ ಕೂಗಬೇಕಾಗಿರಲಿಲ್ಲ. ಎದುರುಮನೆಗೆ ಕೇಳಲಿ ಎಂದೇ ಕೂಗಿದೆ. ಬಾಗಿಲಿಗೆ ಬೀಗವಿತ್ತು. ಮಗಳು ಆಟ ಬಿಟ್ಟು ಓಡಿ ಬಂದಳು.